ಬಿಸಿನೆಸ್ಸಾ, ಮಿಷನ್ನಾ?

ಭಾಗ 1/5
(ಫೋಟೋ: ನಮ್ಮನೆ ಹಿತ್ತಲಲ್ಲಿ ಒಣಗ್ತಿರೋ ಅಡಿಕೆ ಹಾಳೆ)

ಆನವಟ್ಟಿಯಲ್ಲಿ ಒಂದು ಸಣ್ಣ ಹಾಳೆ ತಟ್ಟೆ ಯೂನಿಟ್ ಹಾಕ್ತೀನಿ ಅಂತ ಹೋದ ವಾರ ಸ್ಟೇಟಸ್ ಹಾಕಿದ್ದೆ. ನೋಡಿದೋರಲ್ಲಿ ಸುಮಾರು ಜನ ಆಲ್ ದಿ ಬೆಸ್ಟ್ ಅಂದ್ರಿ, ಥ್ಯಾಂಕ್ಸ್. ಆದ್ರೆ ಅವತ್ತು ರಾತ್ರಿ ಬಂದ ಎರಡು ಮಾತು ಇನ್ನೂ ತಲೆಯಲ್ಲೇ ಇವೆ.

ಮೊದಲನೇದು ನಮ್ಮ ಕ್ಲಾಸಿನ ಗೆಳೆಯನ ಮೆಸೇಜು: "ಮಾರಾಯಾ, ಬೇಜಾರು ಮಾಡ್ಕೋಬೇಡ. ಇದು ಬಿಸಿನೆಸ್ಸಾ, ಇಲ್ಲಾ ಮಿಷನ್ನಾ?"

ಎರಡನೇದು ನಮಗೆ ಪರಿಚಯದ ಹಿರಿಯರೊಬ್ಬರ ಫೋನು: "ಮಷೀನಿಗೆ ದುಡ್ಡು ನಾನು ಕೊಡ್ತೀನಪ್ಪ, ಬಡ್ಡಿ ಬೇಡ. ಆದ್ರೆ ಕೆಲಸಕ್ಕೆ ಭಾನುವಾರ ಪ್ರಾರ್ಥನೆಗೆ ಬರೋರನ್ನೇ ತಗೋ. ಬರದೇ ಇರೋರು ಕೆಲಸ ಸಿಗುತ್ತೆ ಅಂತಾದ್ರೂ ಬರ್ತಾರೆ. ಇದೂ ದೇವರ ಸೇವೆನೇ."

ಒಬ್ಬನಿಗೆ ಅನುಮಾನ, ಇನ್ನೊಬ್ಬರಿಗೆ ಆಸೆ. ಆದ್ರೆ ಇಬ್ಬರ ಮನಸ್ಸಲ್ಲೂ ಇದ್ದಿದ್ದು ಒಂದೇ ಲೆಕ್ಕ: ಕ್ರೈಸ್ತರು ಅಂಗಡಿ, ಕಾರ್ಖಾನೆ ಹಾಕೋದು ಜನರನ್ನ ಚರ್ಚಿಗೆ ಕರ್ಕೊಂಡು ಬರೋದಕ್ಕೆ. ಆ ಲೆಕ್ಕ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಈ ಸರಣಿಯಲ್ಲಿ ಹೇಳ್ತೀನಿ. ಕೊನೆವರೆಗೂ ಓದಿ, ಆಮೇಲೆ ಜಗಳ ಆಡೋಣ.

ಭಾಗ 2/5
(ಫೋಟೋ: ನಮ್ಮ ಹಳೇ ಮನೆಯ ಮಾಡು)

ಒಂದು ನಿಮಿಷ ನಿಮ್ಮ ಅಜ್ಜನ ಮನೆ ಮಾಡು ನೆನಪು ಮಾಡ್ಕೊಳ್ಳಿ. ನಮ್ಮ ಸೊರಬದ ಕಡೆ ನಾಡಹಂಚು ತೆಗೆದು ಮಂಗಳೂರು ಹಂಚು ಹೊದಿಸಿದ ಮನೆಗಳು ಎಷ್ಟೋ ಇವೆ. ಆ ಕೆಂಪು ಹಂಚಿನ ಹಿಂದೆ ಇರೋದು ಇದೇ "ಬಿಸಿನೆಸ್ಸಾ, ಮಿಷನ್ನಾ" ಅನ್ನೋ ಪ್ರಶ್ನೆ.

ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ರು. ಆಮೇಲೆ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಗೂ ಹೋದ್ರು. ಅವರು ಬಂದಿದ್ದು ಸುವಾರ್ತೆ ಸಾರೋದಕ್ಕೆ, ಕಾರ್ಖಾನೆ ಹಾಕೋದಕ್ಕಲ್ಲ. ಆದ್ರೆ ಒಂದು ತೊಂದರೆ ಎದುರಾಯ್ತು. ಯಾರು ಕ್ರೈಸ್ತರಾದರೋ ಅವರು ಮನೆ, ಜಾತಿ, ಕುಲಕಸುಬು ಮೂರನ್ನೂ ಕಳ್ಕೊಂಡ್ರು. ಹೆಂಡ ಇಳಿಸುವ ಕೆಲಸ ಮಾಡ್ತಿದ್ದೋರಿಗೆ ಮಿಷನ್ನೇ ಆ ಕೆಲಸ ಬಿಡಿ ಅಂತು. ಬಿಟ್ಟ ಮೇಲೆ ಹೊಟ್ಟೆಗೇನು?

ಹಂಗಾಗಿ ನೇಯ್ಗೆ ಶುರುವಾಯ್ತು, ಪ್ರೆಸ್ಸು ಬಂತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ "ಮಂಗಳೂರ ಸಮಾಚಾರ" ತಂದರು, ಅದು ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಗಿದ್ದೂ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ. ನೇಯ್ಗೆ ಕಾರ್ಖಾನೆ ನಡೆಸ್ತಿದ್ದ ಜಾನ್ ಹಾಲರ್ ಖಾಕಿ ಬಣ್ಣ ರೂಪಿಸಿದ ಅಂತ ಮಂಗಳೂರಿನೋರು ಹೇಳ್ತಾರೆ. ಅದಕ್ಕೂ ಮೊದಲೇ ಪಂಜಾಬಿನ ಕಡೆ ಬ್ರಿಟಿಷ್ ಪಡೆಯೊಂದು ಖಾಕಿ ಹಾಕಿತ್ತು ಅನ್ನೋರೂ ಇದ್ದಾರೆ. ಅದು ಇರಲಿ.

1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮಣ್ಣು ಅಲ್ಲೇ ನದಿ ದಡದ್ದು. ಮೂರೇ ವರ್ಷಕ್ಕೆ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಅವರ ಹಂಚಿನ ಕಾರ್ಖಾನೆ ಬಂತು. ಆಮೇಲೆ ಎಷ್ಟೋ ಜನ ಈ ಕೆಲಸಕ್ಕೆ ಇಳಿದರು. ಮಿಷನ್ನಿನ ಹಂಚಿನ ಕಾರ್ಖಾನೆಗಳೂ ಮಲ್ಪೆಯಿಂದ ಕೇರಳದ ಕೋಯಿಕ್ಕೋಡ್, ಪಾಲಕ್ಕಾಡ್ ತನಕ ಬೆಳೆದವು.

ಭಾಗ 3/5
(ಫೋಟೋ: ಅಟ್ಟದಲ್ಲಿ ಸಿಕ್ಕ ಹಳೇ ಹಂಚು)

ಇಲ್ಲಿವರೆಗೆ ಕೇಳಿದ್ರೆ ಚಂದ ಕಥೆ. ನಮ್ಮ ಕೂಟಗಳಲ್ಲಿ ಇದನ್ನ ಇಷ್ಟಕ್ಕೇ ನಿಲ್ಲಿಸ್ತಾರೆ. ನಾನು ನಿಲ್ಲಿಸಲ್ಲ.

ಯೋಚನೆ ಮಾಡಿ. ನಿಮಗೆ ಕೂಲಿ ಕೊಡೋನೂ ಮಿಷನ್, ದೀಕ್ಷಾಸ್ನಾನ ಕೊಡೋನೂ ಮಿಷನ್, ಮಕ್ಕಳ ಶಾಲೆ ನಡೆಸೋನೂ ಮಿಷನ್. ಕೆಲಸದ ಮೇಲೆ ದೂರು ಇದ್ರೆ ಯಾರ ಹತ್ರ ಹೋಗ್ತೀರಿ? ಕೂಲಿ ಕಮ್ಮಿ ಆಯ್ತು ಅಂತ ಜೋರಾಗಿ ಕೇಳಿದ್ರೆ ಅದು ಸಭೆಗೆ ಎದುರು ಮಾತಾಡಿದ ಹಾಗೆ ಆಗಲ್ವಾ? ಇನ್ನು ಹೊರಗಿನೋರು "ಅನ್ನಕ್ಕಾಗಿ ಜಾತಿ ಬಿಟ್ಟರು" ಅಂತ ಆಡಿಕೊಂಡ್ರು. ಅದೇ ಮಾತನ್ನ ಇವತ್ತಿಗೂ ನಮ್ಮ ಮೇಲೆ ಎಸೀತಾರೆ. ಮನಸಾರೆ ನಂಬಿದೋರ ನಂಬಿಕೆಗೂ ಆ ಕೂಲಿ ಒಂದು ಮಸಿ ಹಚ್ಚಿತು. ಅದು ಅವರ ತಪ್ಪಲ್ಲ, ಆ ವ್ಯವಸ್ಥೆಯ ತಪ್ಪು.

ಇನ್ನೊಂದು ವಿಷಯ. 1859ರಲ್ಲಿ ಮಿಷನ್ ವ್ಯಾಪಾರಕ್ಕೆ ಅಂತಲೇ ಬೇರೆ ಕಂಪನಿ ಮಾಡಿಕೊಂಡಿತು. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನ್ ಮಿಷನರಿಗಳನ್ನ ಹಿಡಿದಿಟ್ಟರು, ದೇಶ ಬಿಡಿಸಿದರು. ಕಾರ್ಖಾನೆಗಳು ಕೈತಪ್ಪಿದವು, 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸುವಾರ್ತೆಗೆ ಅಂತ ಕಟ್ಟಿದ ಕಾರ್ಖಾನೆ ಒಂದು ಸಹಿಗೆ ಬರೀ ಕಾರ್ಖಾನೆ ಆಯ್ತು. ಹಂಚು ಮಾತ್ರ ಅದೇ ಹಂಚು, ಮಳೆಗಾಲಕ್ಕೆ ಸೋರಲಿಲ್ಲ.

ನನಗೆ ಇದರಲ್ಲಿ ಪಾಠ ಕಾಣೋದು ಇಲ್ಲೇ. ಅವರು ಮಾಡಿದ ಒಳ್ಳೇದು ಉಳೀತು: ನಿಘಂಟು, ಹಂಚು, ಕೆಲಸ ಕಲಿತ ಕೈಗಳು. ಉಳೀದೇ ಹೋಗಿದ್ದು, ಉಳಿದ್ರೂ ಕಹಿಯಾಗಿ ಉಳಿದಿದ್ದು, ಕೂಲಿಯನ್ನೂ ನಂಬಿಕೆಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು.

ಭಾಗ 4/5
(ಫೋಟೋ: ಪ್ರೆಸ್ ಮಷೀನಿನಿಂದ ಬಂದ ಮೊದಲ ತಟ್ಟೆ, ಅಂಚು ಸೀಳಿದೆ, ನಗಬೇಡಿ)

"ಹಂಗಾದ್ರೆ ಪೌಲ ಡೇರೆ ಹೊಲೀತಿರಲಿಲ್ವಾ?" ಅಂತ ಆ ಹಿರಿಯರು ಕೇಳಿದ್ರು. ಹೊಲೀತಿದ್ದ. ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ತೆಗೆದು ನೋಡಿ: ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಅದೇ ಕಸುಬು ಮಾಡಿದ. ಆದ್ರೆ ಯಾಕೆ ಮಾಡಿದ ಅನ್ನೋದು ಮುಖ್ಯ. ಡೇರೆ ಕೊಂಡೋರು ಪ್ರಾರ್ಥನೆಗೆ ಬರಲಿ ಅಂತ ಅಲ್ಲ. ಯಾರಿಗೂ ಭಾರ ಆಗಬಾರದು, ದುಡ್ಡಿಗಾಗಿ ಸಾರ್ತಾನೆ ಅಂತ ಯಾರೂ ಅನ್ನಬಾರದು ಅಂತ. ಅವನ ದುಡಿಮೆ ಅವನ ಮಾತನ್ನ ದುಡ್ಡಿನಿಂದ ಬಿಡಿಸಿತು. ಹಿರಿಯರು ಹೇಳೋ ದಾರಿ ಮಾತನ್ನ ದುಡ್ಡಿಗೆ ಕಟ್ಟುತ್ತೆ. ನೋಡೋದಕ್ಕೆ ಒಂದೇ ಥರ, ಹೋಗೋದು ಎದುರು ದಿಕ್ಕಿಗೆ.

ಇದು ನಮ್ಮ ಕಡೆಯೋರಿಗೆ ಹೊಸ ಮಾತೂ ಅಲ್ಲ. ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಅಲ್ಲಮನ ಊರು, ಉಡುತಡಿ ಅಕ್ಕನ ಊರು. ಕಾಯಕ ಅಂದ್ರೆ ಏನು ಅಂತ ನಿಮಗೆ ನಾನು ಹೇಳಿಕೊಡಬೇಕಾ? ನುಲಿಯ ಚಂದಯ್ಯ ಹುಲ್ಲು ತಂದು ಹಗ್ಗ ಹೊಸೆದು ಮಾರಿ ದಾಸೋಹ ಮಾಡ್ತಿದ್ದ. ಆ ಕಾಯಕಕ್ಕೆ ಬೆಲೆ ಬಂದಿದ್ದು ಹಗ್ಗ ಗಟ್ಟಿ ಇತ್ತು, ಲೆಕ್ಕ ಸರಿ ಇತ್ತು ಅಂತ.

ಕಾನೂನಿನ ಮಾತೂ ಹೇಳಿಬಿಡ್ತೀನಿ. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಕಾಯ್ದೆ "ಆಮಿಷ" ಅನ್ನೋ ಪದದೊಳಗೆ ಉದ್ಯೋಗವನ್ನೂ ಸೇರಿಸಿದೆ. 2023ರಲ್ಲಿ ಸಚಿವ ಸಂಪುಟ ಆ ಕಾಯ್ದೆ ಹಿಂಪಡೆಯೋ ತೀರ್ಮಾನ ಮಾಡಿತು. ಆ ಕಾಯ್ದೆ ಬಗ್ಗೆ ನನಗೂ ಭಯ ಇದೆ, ತಕರಾರೂ ಇದೆ. ಆದ್ರೆ ಕಾಯ್ದೆ ಇಲ್ಲದೇ ಇದ್ರೂ ಆ ಹಿರಿಯರ ಷರತ್ತಿಗೆ ನಾನು ಒಪ್ಪುತ್ತಿರಲಿಲ್ಲ. ಹಸಿದೋರ ಮುಂದೆ ಕೆಲಸ ಇಟ್ಟು "ನಂಬ್ತೀಯಾ?" ಅಂತ ಕೇಳಿದ್ರೆ ಅವರು ಹೂಂ ಅನ್ನೋದು ಅನ್ನಕ್ಕೆ, ದೇವರಿಗಲ್ಲ.

ಭಾಗ 5/5
(ಫೋಟೋ: ನನ್ನ ಲೆಕ್ಕದ ಪುಸ್ತಕದ ಮೊದಲ ಪುಟ)

ಕಾಲೇಜು ರಜೆಯಲ್ಲಿ ಎರಡು ತಿಂಗಳು ನಾನೊಂದು ಅಂಗಡಿಯಲ್ಲಿ ಕೆಲಸ ಮಾಡಿದ್ದೆ. ಓನರ್ ನಮ್ಮೋರೇ. ಗಲ್ಲಾಪೆಟ್ಟಿಗೆ ಮೇಲೆ ದೊಡ್ಡ ವಚನ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಪ್ರಾರ್ಥನೆ. ಎರಡನೇ ತಿಂಗಳ ಸಂಬಳ ಇವತ್ತಿನವರೆಗೂ ಬಂದಿಲ್ಲ. ನನ್ನ ಜೊತೆ ಗುಡಿಸಿ ಒರೆಸ್ತಿದ್ದ ಅಕ್ಕನಿಗೂ ಬಂದಿಲ್ಲ, ಅವರಿಗೆ ಇಬ್ಬರು ಮಕ್ಕಳು. ಆ ಅಕ್ಕ ಒಂದಿನ ಗೋಡೆ ತೋರಿಸಿ, "ನಿಮ್ಮ ದೇವ್ರು ಹಿಂಗೇ ಹೇಳ್ತಾನಾ?" ಅಂದ್ರು. ಕೂಲಿಕಾರರ ಕೂಲಿ ಹಿಡಿದಿಟ್ಟೋರ ಬಗ್ಗೆ ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲಿ ಎಷ್ಟು ಖಾರವಾಗಿ ಬರೆದಿದೆ ಅಂತ ನನಗೆ ಗೊತ್ತಿತ್ತು. ಆದ್ರೂ ಅವತ್ತು ಬಾಯಿ ಬರಲಿಲ್ಲ. ಆ ಅಂಗಡಿ ಎಷ್ಟು ಜನರನ್ನ ದೇವರ ಹತ್ರ ತಂತೋ ನಾ ಕಾಣೆ, ಆ ಅಕ್ಕನನ್ನಂತೂ ದೂರ ಮಾಡಿತು.

ಹಂಗಾಗಿ ನನ್ನ ಯೂನಿಟ್ಟಿಗೆ ನಾನೇ ಹಾಕಿಕೊಂಡ ನಿಯಮ ಇವು:

1. ಕೆಲಸಕ್ಕೆ ಸೇರಿಸ್ಕೊಳ್ಳೋವಾಗ ಯಾರನ್ನೂ ಯಾವ ದೇವರು ಅಂತ ಕೇಳಲ್ಲ. ಈಗ ಒಪ್ಪಿರೋ ಮೂವರಲ್ಲಿ ಒಬ್ಬರೂ ನಮ್ಮ ಚರ್ಚಿನೋರಲ್ಲ.

2. ಶನಿವಾರ ಸಂಜೆ ಕೂಲಿ ಕೈಗೆ. ತಟ್ಟೆ ಮಾರಾಟ ಆಗ್ಲಿ, ಬಿಡ್ಲಿ.

3. ಕೆಲಸದ ಹೊತ್ತಲ್ಲಿ ಪ್ರಾರ್ಥನೆ ಕಡ್ಡಾಯ ಇಲ್ಲ. ನಾನು ಮಾಡ್ಕೊಳ್ಳೋದಿದ್ರೆ ಮನೆಯಲ್ಲಿ ಮಾಡ್ಕೊಂಡು ಬರ್ತೀನಿ.

4. ಬೂಷ್ಟು ಹಿಡಿದ ಹಾಳೆ ಒತ್ತಲ್ಲ. ಮಳೆಗಾಲದಲ್ಲಿ ಇದು ನಷ್ಟ ಅಂತ ಗೊತ್ತು. ಆದ್ರೆ ಆ ತಟ್ಟೆ ಮೇಲೆ ಯಾರೋ ಊಟ ಮಾಡ್ತಾರೆ.

5. ಚರ್ಚಿನ ದುಡ್ಡು ಬೇರೆ, ಯೂನಿಟ್ಟಿನ ದುಡ್ಡು ಬೇರೆ.

ಹಿರಿಯರಿಗೆ ಫೋನ್ ಮಾಡಿ, "ಅಂಕಲ್, ನಿಮ್ಮ ದುಡ್ಡು ಬೇಡ, ಪ್ರಾರ್ಥನೆ ಮಾಡಿ ಸಾಕು" ಅಂದೆ. ಬೇಜಾರು ಮಾಡ್ಕೊಂಡ್ರು. ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದೀನಿ. ಬಡ್ಡಿ ಕಟ್ಟಬೇಕು, ಕಷ್ಟ ಆಗುತ್ತೆ, ನೋಡೋಣ.

ಇನ್ನು ನನ್ನ ಗೆಳೆಯನ ಪ್ರಶ್ನೆ. ನನ್ನ ಪಾಲಿಗೆ ಎರಡೂ ಹೌದು ಮಾರಾಯಾ. ದೇವರು ಕೊಟ್ಟ ಕೆಲಸ ಅಂತಲೇ ಮಾಡ್ತಿದ್ದೀನಿ, ಅದನ್ನ ಮುಚ್ಚಿಡಲ್ಲ. ಯಾರಾದ್ರೂ ತಾವಾಗೇ "ಹಿಂಗ್ಯಾಕೆ ಮಾಡ್ತೀಯಾ?" ಅಂತ ಕೇಳಿದ್ರೆ ಯೇಸುವಿನ ಹೆಸರು ಹೇಳ್ತೀನಿ. ಕೇಳದೇ ಇದ್ರೆ ತಟ್ಟೆ ಕೊಟ್ಟು, ಚಿಲ್ಲರೆ ಸರಿಯಾಗಿ ಎಣಿಸಿ ಕೊಡ್ತೀನಿ. ನೀನು ಅನುಮಾನ ಬಿಡು ಅಂತ ಹೇಳಲ್ಲ. ಶನಿವಾರ ಸಂಜೆ ಒಂದ್ಸಲ ಬಾ, ಕೂಲಿ ಕೊಡೋದನ್ನ ನೋಡು, ಮಷೀನ್ ಹತ್ರ ಕೆಲಸ ಮಾಡೋ ಅಕ್ಕಂದಿರನ್ನ ನಾನಿಲ್ಲದಾಗ ಕೇಳು.

ಉಳಿದೋರಿಗೂ ಒಂದು ಪ್ರಶ್ನೆ, ಕ್ರೈಸ್ತರಿಗೆ ಮಾತ್ರ ಅಲ್ಲ. ನಿಮ್ಮ ಅಂಗಡಿಯಲ್ಲಿ ಗಣಪತಿ ಫೋಟೋ ಇರಲಿ, ಕಾಬಾ ಫೋಟೋ ಇರಲಿ, ಶಿಲುಬೆ ಇರಲಿ, ಅದರ ಕೆಳಗೆ ಕೆಲಸ ಮಾಡೋರಿಗೆ ಆ ಫೋಟೋ ನೋಡಿದಾಗ ಏನು ನೆನಪಾಗುತ್ತೆ? ಕಾಮೆಂಟ್‌ನಲ್ಲಿ ಬರೀರಿ. ಬೈಯೋರಿದ್ರೂ ಬೈರಿ, ಓದಿ ಬೈರಿ.

ಜನವರಿಗೆ ಹಾಳೆ ಬೀಳೋದು ಶುರು. ತೋಟ ಇರೋರು ಹಾಳೆ ಸುಡಬೇಡಿ, ಒಣಗಿಸಿ ಇಡಿ, ನಾನೇ ಬಂದು ತಗೊಂಡು ಹೋಗ್ತೀನಿ. ಎಣಿಸಿ, ಅಲ್ಲೇ ದುಡ್ಡು ಕೊಡ್ತೀನಿ.

#ಆನವಟ್ಟಿ #ಸೊರಬ #ಹಾಳೆತಟ್ಟೆ #ಮಂಗಳೂರುಹಂಚು #ಕಾಯಕ