ಅಜ್ಜಿಯ ಕೈಗೆ ಬೆಲೆ ಎಷ್ಟು?

ಮಕ್ಕಳೇ, ಈ ವಾರ ಬಂದ ಪತ್ರಗಳಲ್ಲಿ ಒಂದಕ್ಕೇ ಉತ್ತರ ಬರೆಯುತ್ತೇನೆ. ಬರೆದವಳು ಹಾಸನ ಜಿಲ್ಲೆಯ ಎಂಟನೇ ತರಗತಿಯ ಹುಡುಗಿ. ಮದುವೆ ಮುಗಿಸಿಕೊಂಡು ಸೋದರಮಾವನ ಕಾರಿನಲ್ಲಿ ಊರಿಗೆ ಬರುತ್ತಿದ್ದರಂತೆ. ಎದುರಿನಿಂದ ಲಾರಿಯೊಂದನ್ನು ಹಿಂದಿಕ್ಕಲು ಹೊರಟ ಕಾರು ನೇರ ಬಂದು ಗುದ್ದಿತು. ಹಿಂದಿನ ಸೀಟಿನಲ್ಲಿದ್ದ 67 ವರ್ಷದ ಅಜ್ಜಿಯ ಬಲಗೈ ಮುರಿಯಿತು. ಆಪರೇಷನ್ ಆಗಿದೆ, ಆದರೆ ಮುಷ್ಟಿ ಪೂರ್ತಿ ಮಡಚಲು ಬರುವುದಿಲ್ಲ. "ಆ ಕಾರಿನವರು ತಪ್ಪು ನಿಮ್ಮ ಮಾವನದೇ ಅಂತಾರೆ. ಅಜ್ಜಿ ನೋಡಿದ್ರೆ, ನಾನೇನು ದುಡೀತೀನಾ, ನಂಗ್ಯಾರು ಪರಿಹಾರ ಕೊಡ್ತಾರೆ, ಬಿಡು ಅಂತಾಳೆ. ನಿಜಾನಾ ತಾತ? ಕೋರ್ಟಲ್ಲಿ ಅಜ್ಜಿಯನ್ನ ಗದರಿಸ್ತಾರಾ?"

ವಕೀಲಿಕೆಯಲ್ಲಿದ್ದಷ್ಟು ದಿನವೂ ಇಂಥ ಕೇಸುಗಳನ್ನೇ ಹೆಚ್ಚು ನೋಡಿದವನು ನಾನು. ಅಜ್ಜಿ ಹೇಳಿದ್ದು ನಿಜವಲ್ಲ, ಮಗು.

ಮೊದಲು ಆ ಡಿಕ್ಕಿಯ ಲೆಕ್ಕ. ಎರಡು ಕಾರುಗಳೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬರುತ್ತಿದ್ದರೆ ನಡುವಿನ ಅಂತರ ಗಂಟೆಗೆ 120 ಕಿಲೋಮೀಟರ್‌ನಂತೆ ಕರಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 33 ಮೀಟರ್. ಕ್ರೀಡಾಕೂಟದಲ್ಲಿ ನೀವು ಏದುಸಿರು ಬಿಟ್ಟು ಓಡುವ 200 ಮೀಟರ್ ದೂರ ಆರೇ ಸೆಕೆಂಡಿಗೆ ಮುಗಿದುಹೋಯಿತು! ಲಾರಿಯ ಹಿಂದೆ ಕುಳಿತವನಿಗೆ 'ರಸ್ತೆ ಖಾಲಿ ಇದೆ' ಎನಿಸುವುದು ಈ ಲೆಕ್ಕ ತಲೆಗೆ ಹೋಗದೆ.

ತಪ್ಪು ಯಾರದು? ಪೊಲೀಸರು ಜಾಗಕ್ಕೆ ಬಂದು ಮಹಜರು ಮಾಡುತ್ತಾರೆ, ನಕ್ಷೆ ಬರೆಯುತ್ತಾರೆ. ಗಾಜಿನ ಚೂರು, ಟೈರಿನ ಗುರುತು ಎಲ್ಲ ಅದರಲ್ಲಿರುತ್ತದೆ. ಆದರೆ ಗುದ್ದಿದ ರಭಸಕ್ಕೆ ಕಾರು ತಿರುಗಿ ಎಲ್ಲೋ ನಿಲ್ಲಬಹುದು. ಕೊನೆಗೆ ವಾಹನ ನಿಂತ ಜಾಗವೊಂದನ್ನೇ ನೋಡಿ ತಪ್ಪು ಇವರದೇ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಹಾಗಾಗಿ ಕಣ್ಣಾರೆ ಕಂಡವರ ಮಾತಿಗೆ ಬೆಲೆ ಹೆಚ್ಚು. ಆ ಲಾರಿಯ ಡ್ರೈವರ್ ಸಿಕ್ಕರೆ ಬಿಡಬೇಡಿ.

ಅಜ್ಜಿಯ ಮಟ್ಟಿಗೆ ಈ ಜಗಳ ಅಷ್ಟು ಮುಖ್ಯವೂ ಅಲ್ಲ. ಎರಡು ಕೋಣ ಕಾದಾಡಿದ್ದಕ್ಕೆ ನಡುವಿನ ಗಿಡ ಏನು ಮಾಡೀತು? ಇಬ್ಬರು ಚಾಲಕರ ತಪ್ಪೂ ಸೇರಿ ಮೂರನೆಯವರಿಗೆ ಪೆಟ್ಟಾದರೆ, ಪೆಟ್ಟು ತಿಂದವರು ಇಬ್ಬರಿಂದಲೂ ಕೇಳಬಹುದು, ಒಬ್ಬರಿಂದಲೇ ಪೂರ್ತಿ ಕೇಳಬಹುದು ಎಂದು 2015ರ ತೀರ್ಪಿದೆ. ಆದರೂ ಇಬ್ಬರನ್ನೂ, ಇಬ್ಬರ ವಿಮಾ ಕಂಪನಿಗಳನ್ನೂ ಸೇರಿಸಿ ಅರ್ಜಿ ಹಾಕುವುದು ಕ್ಷೇಮ. ಮಾವನ ಪಾಲಿಸಿಯನ್ನೂ ತೆಗೆದು ನೋಡಿ. ಅದು ಬರೀ ಥರ್ಡ್ ಪಾರ್ಟಿ ವಿಮೆಯಾದರೆ ಅವರದೇ ಕಾರಿನೊಳಗಿದ್ದವರಿಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ, ಪ್ಯಾಕೇಜ್ ಪಾಲಿಸಿ ಬೇಕು. ಎದುರಿನ ಕಾರಿಗಾದರೆ ಅಜ್ಜಿಯೇ ಥರ್ಡ್ ಪಾರ್ಟಿ.

ಇನ್ನು 'ನಾನೇನು ದುಡೀತೀನಾ' ಎಂಬ ಮಾತು. ಸಾಕ್ಷಿ ಹೇಳಲು ಬಂದ ಎಷ್ಟೋ ಹೆಂಗಸರನ್ನು ನೋಡಿದ್ದೇನೆ. ಕೆಲಸ ಏನು ಎಂದು ಕೇಳಿದರೆ "ಏನೂ ಇಲ್ಲ ಸ್ವಾಮಿ, ಮನೇಲೇ ಇರ್ತೀನಿ" ಎನ್ನುತ್ತಾರೆ. ಬೆಳಿಗ್ಗೆ ಐದಕ್ಕೆದ್ದು ಹಾಲು ಕರೆದು, ಹತ್ತು ಜನಕ್ಕೆ ಮುದ್ದೆ ತೊಳಸಿ ಬಂದವರ ಮಾತಿದು! ಆ 'ಏನೂ ಇಲ್ಲ' ಕಡತದಲ್ಲಿ ಹಾಗೇ ಕೂತುಬಿಡುತ್ತದೆ. ನನಗೆ ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು, ಹೆಂಗಸರ ಮೇಲಲ್ಲ, ಅವರಿಗೆ ಹಾಗೆ ಹೇಳುವುದನ್ನು ಕಲಿಸಿದವರ ಮೇಲೆ.

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅಪಘಾತದ ಕೇಸೊಂದರಲ್ಲಿ ಮನೆಗೆಲಸಕ್ಕೂ ಆದಾಯ ಕಟ್ಟಬೇಕೆಂದು ಸ್ಪಷ್ಟವಾಗಿ ಹೇಳಿತು. ಅಲ್ಲಿ 2019ರ ಸರ್ಕಾರಿ ಸಮೀಕ್ಷೆಯೊಂದರ ಪ್ರಸ್ತಾಪವಿದೆ: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. (ನಿಮ್ಮ ಮನೆಯಲ್ಲೂ ಒಂದು ದಿನ ಗಡಿಯಾರ ಹಿಡಿದು ನೋಡಿ, ಜಗಳ ಮಾತ್ರ ಬೇಡ.)

ಆದಾಯ ಕಟ್ಟುವುದು ಹೇಗೆ? 2009ರಿಂದ ವಯಸ್ಸಿಗೆ ತಕ್ಕ ಗುಣಕದ ಒಂದು ಪಟ್ಟಿ ಇದೆ. 26ರಿಂದ 30 ವರ್ಷದವರಿಗೆ 17, 65 ದಾಟಿದವರಿಗೆ 5. ಉದಾಹರಣೆಗೆ ಅಜ್ಜಿಯ ಕೆಲಸಕ್ಕೆ ತಿಂಗಳಿಗೆ 10,000 ರೂಪಾಯಿ ಎಂದು ಇಟ್ಟು, ಕೈಯ ಊನದಿಂದ ಶೇ. 20 ಕೆಲಸ ಹೋಯಿತು ಎಂದುಕೊಳ್ಳಿ. 2,000ವನ್ನು 12ರಿಂದ ಗುಣಿಸಿ, ಮತ್ತೆ 5ರಿಂದ: 1,20,000. ಆಸ್ಪತ್ರೆ ಖರ್ಚು, ನೋವು, ನೋಡಿಕೊಂಡವರ ದುಡಿಮೆ, ಓಡಾಟ ಬೇರೆ. ಮುದುಕರಿಗೆ ಗುಣಕ ಇಷ್ಟು ಸಣ್ಣದೇ ಎಂದು ನನಗೂ ಬೇಜಾರು.

ಆ ಶೇಕಡಾವಾರಿನಲ್ಲೇ ವಾದವೆಲ್ಲ. ಡಾಕ್ಟರು ಕೈಯ ಊನ ಎಷ್ಟೆಂದು ಬರೆಯುತ್ತಾರೆ, ಅದರಿಂದ ಯಾವ ಕೆಲಸ ನಿಂತಿತು ಎಂಬುದು ಬೇರೆ ಪ್ರಶ್ನೆ. ಎಡಗೈ ಕಳೆದುಕೊಂಡ ಬಡಗಿಗೆ ಎಲ್ಲವೂ ಹೋದಂತೆ, ಅದೇ ಪೆಟ್ಟು ತಿಂದ ಸರ್ಕಾರಿ ಗುಮಾಸ್ತನ ಸಂಬಳ ಉಳಿಯಬಹುದು. 2010ರಲ್ಲಿ ಇದನ್ನು ಬಿಡಿಸಿ ಬರೆದವರು, ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಗುಣಕದ ಪಟ್ಟಿಯ ತೀರ್ಪೂ ಅವರದೇ.

ಆದ್ದರಿಂದ ನಿನಗೊಂದು ಕೆಲಸ, ಮಗು. ಒಂದು ನೋಟ್‌ಬುಕ್ಕಿನಲ್ಲಿ ಅಜ್ಜಿ ಮೊದಲು ಏನೇನು ಮಾಡುತ್ತಿದ್ದಳು, ಈಗ ಏನು ಆಗುತ್ತಿಲ್ಲ, ಅದನ್ನು ಯಾರು ಮಾಡುತ್ತಿದ್ದಾರೆ ಎಂದು ಬರೆ. ಹಾಲು ಕರೆಯುವುದು, ಹೂ ಕಟ್ಟುವುದು, ನಿನಗೆ ಜಡೆ ಹಾಕುವುದು ಯಾವುದನ್ನೂ ಬಿಡಬೇಡ. ಔಷಧಿ ಚೀಟಿ, ಆಟೋ ಖರ್ಚು, ಎಕ್ಸ್‌ರೇ ಎಲ್ಲ ಒಂದು ಚೀಲದಲ್ಲಿರಲಿ. ಮಾವನಿಗೆ ಹೇಳು: 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅಪಘಾತವಾದ ಊರಿಗೇ ಅಲೆಯಬೇಕಿಲ್ಲ, ಅಜ್ಜಿ ವಾಸವಿರುವ ಕಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು.

ಗದರಿಸುತ್ತಾರಾ ಎಂದು ಕೇಳಿದ್ದೀಯಲ್ಲ. ಕಂಪನಿಯ ವಕೀಲರು ಪ್ರಶ್ನೆ ಕೇಳುತ್ತಾರೆ, ಕೆಲವರ ದನಿ ಸ್ವಲ್ಪ ಜೋರು. ಅಜ್ಜಿ ಕನ್ನಡದಲ್ಲೇ ಉತ್ತರ ಹೇಳಬಹುದು. ನಿಲ್ಲಲಾಗದಿದ್ದರೆ ಕುರ್ಚಿ ಕೇಳಲಿ, ಕೊಡುತ್ತಾರೆ. ರಾಜಿಗೆ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ಬೇಗ ಮುಗಿಯಲೂಬಹುದು, ಆದರೆ ನೋಟ್‌ಬುಕ್ ತೋರಿಸದೆ ಮೊದಲು ಹೇಳಿದ ಮೊತ್ತಕ್ಕೇ ತಲೆಯಾಡಿಸಬೇಡಿ. ಕೆಲಸ ಏನು ಎಂದು ಕೇಳಿದಾಗ ಅಜ್ಜಿ ಏನು ಹೇಳಬೇಕೆಂದು ಇಬ್ಬರೂ ಕೂತು ಇವತ್ತೇ ಮಾತಾಡಿಕೊಳ್ಳಿ.