ಗಣಕಯಂತ್ರಕ್ಕೆ ಯಾವ ವ್ಯವಸ್ಥೆ?

ಕಾಪುವಿನ ನಮ್ಮ ಚಂದಾದಾರರೊಬ್ಬರು ಹೀಗೆ ಕೇಳಿರುವರು: ಮಗನು ಮಣಿಪಾಲದಲ್ಲಿ ಗಣಕ ವಿಜ್ಞಾನಕ್ಕೆ ಸೇರಿರುವನು, ಕೈಯಲ್ಲಿರುವ ಹಣವು ಒಂದೇ ಯಂತ್ರಕ್ಕೆ ಸಾಲತಕ್ಕದ್ದು, ಅವನಿಗಾದರೋ ಅದರಲ್ಲಿ ಪಾಠವೂ ನಡೆಯಬೇಕು, ಆಟವೂ ನಡೆಯಬೇಕು. ವಿಂಡೋಸ್ ಇರುವುದನ್ನು ಕೊಳ್ಳುವುದೋ, ಲಿನಕ್ಸ್ ಹಾಕಿಸುವುದೋ? (ಆಟವೆಂದರೆ ನಮ್ಮ ಸೀಮೆಯಲ್ಲಿ ಯಕ್ಷಗಾನವೆಂದೇ ರೂಢಿ, ಇಲ್ಲಿಯ ಮಾತು ಅದಲ್ಲ.) 1957ರಲ್ಲಿ ಮಣಿಪಾಲದಲ್ಲಿಯೂ 1986ರಲ್ಲಿ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿಯೂ ತಾಂತ್ರಿಕ ಕಾಲೇಜುಗಳು ಸ್ಥಾಪಿತವಾಗಿರುವ ನಮ್ಮ ಜಿಲ್ಲೆಯಲ್ಲಿ ಇದು ಅನೇಕ ಮನೆಗಳ ಪ್ರಶ್ನೆ.

ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸಿಗೆ ಬೆಲೆಯಿಲ್ಲ. ಲೋಕದ ದೊಡ್ಡ ಸರ್ವರುಗಳಲ್ಲಿ ಬಹುಪಾಲು ಅದರಿಂದಲೇ ನಡೆಯುತ್ತಿರುವುವು. ಆದುದರಿಂದ ಈ ವಿದ್ಯೆಯನ್ನು ಕಲಿಯುವವನು ಅದನ್ನು ಅರಿಯದಿದ್ದರೆ ನಡೆಯದು. ತೊಡಕು ಇರುವುದು ಆಟದಲ್ಲಿ. 2018ರಲ್ಲಿ ವಾಲ್ವ್ ಸಂಸ್ಥೆಯು ಪ್ರೋಟಾನ್ ಎಂಬ ಸಾಧನವನ್ನು ಹೊರತಂದ ಬಳಿಕ ವಿಂಡೋಸಿಗೆಂದು ರಚಿತವಾದ ಎಷ್ಟೋ ಆಟಗಳು ಲಿನಕ್ಸಿನಲ್ಲಿಯೂ ಆಡುವುವು. ಆದರೆ ಹಲವರು ಕೂಡಿ ಆಡುವ ಕೆಲವು ಆಟಗಳಲ್ಲಿ ಮೋಸವನ್ನು ತಡೆಯುವ ಕಾವಲು ವ್ಯವಸ್ಥೆಯು ಯಂತ್ರದ ಅಂತರಾಳಕ್ಕೇ ಇಳಿಯುವುದು. ಅಂಥವುಗಳಲ್ಲೊಂದಾದ ವ್ಯಾಲೊರಂಟ್ ಲಿನಕ್ಸಿನಲ್ಲಿ ನಡೆಯುವುದೇ ಇಲ್ಲ. ಮಗನು ಆಡುವ ಆಟದ ಹೆಸರನ್ನು ತಂದೆಯು ಮೊದಲು ಕೇಳತಕ್ಕದ್ದು. ಅಂಗಡಿಗೆ ಹೋಗುವುದು ಆಮೇಲೆ. ಮ್ಯಾಕ್ ಯಂತ್ರವಾದರೋ ಐಫೋನಿನ ಕೆಲಸವನ್ನು ಕಲಿಯುವವರಿಗೆ ಯೋಗ್ಯವೇ ಹೊರತು, ಈ ಮಗನಿಗಲ್ಲ.

ಆಟವು ಲಿನಕ್ಸಿನಲ್ಲಿ ನಡೆಯುವಂಥದಾದರೆ ವಿಂಡೋಸ್ ಇಲ್ಲದ ಯಂತ್ರವನ್ನೇ ಕೊಳ್ಳಬಹುದು. ಉಳಿದ ಹಣಕ್ಕೆ 16 ಜಿಬಿ ಸ್ಮೃತಿಯಿರುವುದನ್ನು ಆರಿಸಿಕೊಳ್ಳಲಿ. ಇಲ್ಲವಾದರೆ ವಿಂಡೋಸ್ 11 ಇರಲಿ. 2016ರಿಂದೀಚೆಗೆ ವಿಂಡೋಸಿನ ಒಳಗೇ ಲಿನಕ್ಸನ್ನು ನಡೆಯಿಸುವ ಅನುಕೂಲವಿರುವುದು. ಮೊದಲ ವರ್ಷದ ಪಾಠಕ್ಕೆ ಅಷ್ಟೇ ಸಾಕೆಂದು ನಮ್ಮ ಮತ. ಮನೆಯಲ್ಲಿ ವಿಂಡೋಸ್ 10ರ ಹಳೆಯ ಯಂತ್ರವಿದ್ದರೆ, ಅದಕ್ಕೆ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ಕ್ಕೆ ನಿಂತಿರುವುದು. ಹೊಸ ವಿಂಡೋಸನ್ನು ತಾಳದ ಅಂಥ ಯಂತ್ರಕ್ಕೆ ಉಬುಂಟು ಹಾಕಿ ತಂಗಿಯ ಓದಿಗೆ ಕೊಡಬಹುದು. ಪೆನ್ ಡ್ರೈವಿನಿಂದಲೇ ಅದನ್ನು ನಡೆಯಿಸಿ ನೋಡಿ, ಒಪ್ಪಿಗೆಯಾದ ಮೇಲೆ ಸ್ಥಾಪಿಸುವುದು ಕ್ಷೇಮ.

ಕನ್ನಡ ಬರವಣಿಗೆಗೆ ಲಿನಕ್ಸಿನಲ್ಲಿ ಕೊರತೆಯುಂಟೆಂಬ ಶಂಕೆ ಬೇಡ. ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮ, ಎಂದರೆ ‘ನುಡಿ’ಯಲ್ಲಿ ಕಾಣುವ ಕ್ರಮವೇ, ಅಲ್ಲಿಯೂ ‘ಕಗಪ’ ಎಂಬ ಹೆಸರಿನಿಂದ ದೊರೆಯುವುದು.

ಮುಂದೆ ಎರಡು ವ್ಯವಸ್ಥೆಗಳನ್ನೂ ಒಂದೇ ಯಂತ್ರದಲ್ಲಿಡುವ ಮನಸ್ಸಾದರೆ, ಪರೀಕ್ಷೆಯ ವಾರದಲ್ಲಿ ಆ ಕೆಲಸಕ್ಕೆ ಕೈಹಾಕಬಾರದು. ಆಟಿಯ ಮಳೆಯಲ್ಲಿ ವಿದ್ಯುತ್ತು ಬಂದು ಹೋಗುವ ಹೊತ್ತಿನಲ್ಲಂತೂ ಬ್ಯಾಟರಿಯಿಲ್ಲದ ಯಂತ್ರವನ್ನು ಮುಟ್ಟಲೇಬಾರದು. ಡಿಸ್ಕನ್ನು ವಿಭಾಗಿಸುವಾಗ ಎಡವಿದರೆ ವರ್ಷದ ಬರವಣಿಗೆಯೆಲ್ಲ ಅಳಿಯುವುದು. ಮೊದಲು ಎಲ್ಲವನ್ನೂ ಬೇರೆಡೆ ನಕಲು ಮಾಡಿಡಲಿ. ವಿಂಡೋಸಿನ ಬಿಟ್‌ಲಾಕರ್ ಬೀಗಕ್ಕೆ 48 ಅಂಕೆಗಳ ಕೀಲಿಯೊಂದುಂಟು. ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟ ಮೇಲೆ ಕೆಲಸ ತೊಡಗಬಹುದು.