ಕೋವಿಯ ಗುರಿ, ಕೈಯ ಗುರಿ

ತರಗತಿ ಮುಗಿಸಿ ಹೊರಗೆ ಬರುತ್ತಿದ್ದ ನನ್ನನ್ನು ಮೊನ್ನೆ ವಿದ್ಯಾರ್ಥಿಯೊಬ್ಬ ತಡೆದು ನಿಲ್ಲಿಸಿ ಕೇಳಿದ: “ಸಾರ್, ಕಾರ್ಬೆಟ್ಟರ ಕೋವಿಯ ಗುರಿ ಹೆಚ್ಚೋ, ಆಂಡರ್ಸನ್ನರ ಕೋವಿಯ ಗುರಿ ಹೆಚ್ಚೋ?” ಕನ್ನಡ ಪಾಠ ಹೇಳುವವನನ್ನು ಕೇಳತಕ್ಕ ಪ್ರಶ್ನೆಯೇ ಇದು ಎಂದು ಮೊದಲು ನಗು ಬಂತು. ಆದರೆ ಆ ಇಬ್ಬರು ಬೇಟೆಗಾರರನ್ನೂ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ಕರೆತಂದು ನಮ್ಮ ನೆರೆಹೊರೆಯವರನ್ನಾಗಿ ಮಾಡಿಬಿಟ್ಟಿದ್ದಾರೆ. ಪ್ರಶ್ನೆ ನಮ್ಮ ಸೀಮೆಯೊಳಗಿನದೇ ಎಂದು ಒಪ್ಪಿಕೊಂಡೆ.

ಮೊದಲು ಕೋವಿಗಳ ಪರಿಚಯವಾಗಲಿ. ಕಾರ್ಬೆಟ್ಟರದು ಬೋಲ್ಟ್ ರೈಫಲ್ಲು. ನಮ್ಮ ಬೀದಿಬಾಗಿಲಿನ ಚಿಲಕವನ್ನು ನೆನೆದುಕೊಂಡರೆ ಅದರ ರಹಸ್ಯವೆಲ್ಲ ತಿಳಿದಂತೆಯೇ. ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಬೀಳುತ್ತದೆ. ಮುಂದಕ್ಕೆ ನೂಕಿ ಕೆಳಗೆ ಮಡಿಸಿದರೆ ಹೊಸ ತೋಟಾ ಒಳಸೇರಿ ಬಾಗಿಲು ಭದ್ರವಾಗುತ್ತದೆ. ನಮ್ಮ ಬೆಂಗಳೂರಿನವರೇ ಆದ ಕೆನೆತ್ ಆಂಡರ್ಸನ್ನರದು (1910-1974) ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ ಲಿವರ್ ರೈಫಲ್ಲು. ಅದರಲ್ಲಿ ಟ್ರಿಗರಿನ ಸುತ್ತ ಬೆರಳಿಗೆ ಕಾವಲಾಗಿರುವ ಉಕ್ಕಿನ ಬಳೆಯೇ ಸನ್ನೆಕೋಲು. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಅದೇ ಕೆಲಸ ಕಣ್ಣುಮುಚ್ಚಿ ತೆರೆಯುವುದರೊಳಗೆ ಆಗಿಹೋಗುತ್ತದೆ. ಕೋವಿಯನ್ನು ಭುಜದಿಂದ ಇಳಿಸಬೇಕಾಗಿಯೇ ಇಲ್ಲ.

ಇನ್ನು ಗುರಿಯ ಮಾತು. ಕನ್ನಡದಲ್ಲಿ ‘ಗುರಿ’ಯೆಂದರೆ ಹೊಡೆಯಬೇಕಾದ ವಸ್ತುವೂ ಹೌದು, ಹೊಡೆಯುವವನ ಕೌಶಲವೂ ಹೌದು. ಬಂದೂಕು ಬಲ್ಲವರು ಇದಕ್ಕೆ ಮೂರನೆಯ ಅರ್ಥವೊಂದನ್ನು ಸೇರಿಸುತ್ತಾರೆ. ಕೋವಿಯನ್ನು ಅಲುಗದಂತೆ ಆಸರೆಯ ಮೇಲಿಟ್ಟು ನೂರು ಗಜದಾಚೆಯ ಕಾಗದಕ್ಕೆ ಐದು ಗುಂಡು ಹಾರಿಸಿದರೆ ಐದೂ ಒಂದೇ ತೂತಿನಲ್ಲಿ ಹೋಗುವುದಿಲ್ಲ, ಚದರುತ್ತವೆ. ಆ ಚದರಿಕೆ ಕಡಮೆಯಾದಷ್ಟೂ ಕೋವಿಯ ಗುರಿ ಹೆಚ್ಚು. ಈ ಪರೀಕ್ಷೆಯಲ್ಲಿ ಒಳ್ಳೆಯ ಬೋಲ್ಟ್ ರೈಫಲ್ಲು ಗುಂಡುಗಳನ್ನು ಒಂದಂಗುಲದ ಆಸುಪಾಸಿನಲ್ಲಿ ಕೂಡಿಸುತ್ತದೆ. ಹಳೆಯ ಮಾದರಿಯ ಲಿವರ್ ರೈಫಲ್ಲು ಎರಡು ಮೂರು ಅಂಗುಲ ಕೇಳುತ್ತದೆ. ಎಲ್ಲ ಕೋವಿಗಳಿಗೂ ಇದು ಕರಾರುವಾಕ್ಕಾದ ಲೆಕ್ಕವಲ್ಲ, ವಾಡಿಕೆಯ ಲೆಕ್ಕ. ಹಾಗಿದ್ದರೂ ಬೋಲ್ಟಿನ ಮೇಲುಗೈ ನಿಜ.

ಇದಕ್ಕೆ ಕಾರಣಗಳು ಕೈಯಲ್ಲಿ ಮುಟ್ಟಿ ನೋಡಬಹುದಾದಂಥವು. ಮದ್ದು ಸಿಡಿದಾಗ ತೋಟೆಯೊಳಗೆ ಚದರಂಗುಲಕ್ಕೆ ಹತ್ತಾರು ಸಾವಿರ ಪೌಂಡಿನ ಒತ್ತಡ ಹುಟ್ಟುತ್ತದೆ. ಜರ್ಮನಿಯ ಮೌಸರ್ ರೈಫಲ್ಲಿನಲ್ಲಿ ಚಿಲಕದ ತುದಿಯ ಎರಡು ಗಟ್ಟಿ ಕಿವಿಗಳು ತೋಟೆಯ ಬೆನ್ನಿಗೇ ಕಚ್ಚಿಕೊಂಡು ಆ ಒತ್ತಡವನ್ನು ತಡೆಯುತ್ತವೆ. ವಿಂಚೆಸ್ಟರಿನ ಹಳೆಯ ಲಿವರ್ ಕೋವಿಗಳಲ್ಲಾದರೋ ಬೀಗ ಬೀಳುವುದು ಹಿಂದೆಲ್ಲೋ. ನಡುವಿನ ಉಕ್ಕು ಕೂದಲೆಳೆಯಷ್ಟು ಮಣಿಯುತ್ತದೆ. ಬೋಲ್ಟ್ ಕೋವಿಯ ಮರ ಉದ್ದಕ್ಕೂ ಒಂದೇ ತುಂಡು. ಲಿವರಿನದು ಹಿಂದೊಂದು, ಮುಂದೊಂದು. ಮೇಲಾಗಿ, 1894ರ ವಿಂಚೆಸ್ಟರಿನಂಥವುಗಳಲ್ಲಿ ತೋಟೆಗಳನ್ನು ತುಂಬುವುದು ನಳಿಗೆಯ ಹೊಟ್ಟೆಗೆ ಪಟ್ಟಿಯಿಂದ ಬಿಗಿದ ಒಂದು ಕೊಳವೆಯಲ್ಲಿ. ಗುಂಡು ಹಾರುವಾಗ ನಳಿಗೆ ತಂಬೂರಿಯ ತಂತಿಯಂತೆ ಕಂಪಿಸುತ್ತದೆ. ತಂತಿಗೆ ಬೆರಳಿಟ್ಟರೆ ಶ್ರುತಿ ಕೆಡುವಂತೆ ಈ ಕೊಳವೆ ಆ ಕಂಪನವನ್ನು ಕೆಡಿಸುತ್ತದೆ; ತೋಟೆಗಳು ಒಂದೊಂದಾಗಿ ಖರ್ಚಾದಂತೆ ಅದರ ತೂಕವೂ ಬದಲಾಗುತ್ತದೆ.

ಕೊಳವೆಯ ಇನ್ನೊಂದು ಕಾಟ ಕೇಳಿ. ಅದರೊಳಗೆ ಒಂದು ತೋಟೆಯ ಮೂತಿ ಮುಂದಿನ ತೋಟೆಯ ಬೆನ್ನಿನ ಕೇಪಿಗೆ ಒತ್ತಿಕೊಂಡಿರುತ್ತದೆ. ಗುಂಡಿನ ಮೂತಿ ಚೂಪಾಗಿದ್ದರೆ ಕೋವಿ ಹಿಡಿದವನ ಕೈಯಲ್ಲೇ ಸಿಡಿದೀತು! ಆದ್ದರಿಂದ ಮೊಂಡು ಮೂತಿಯ ಗುಂಡನ್ನೇ ಬಳಸಬೇಕು. ಮೊಂಡು ಗುಂಡು ಗಾಳಿಯನ್ನು ಸೀಳಲಾರದೆ ದೂರ ಹೋದಂತೆಲ್ಲ ಬೇಗ ಸೋತು ಕೆಳಗಿಳಿಯುತ್ತದೆ. 1895ರ ಮಾದರಿಯನ್ನು ರಚಿಸಿದ ಜಾನ್ ಬ್ರೌನಿಂಗ್ ಎಂಬ ಮೇಧಾವಿ ಈ ಕೊಳವೆಯನ್ನೇ ಕಿತ್ತೊಗೆದು ಟ್ರಿಗರಿನ ಮುಂದೆ ಪೆಟ್ಟಿಗೆಯೊಂದನ್ನು ಕೂಡಿಸಿದ. 1955ರಲ್ಲಿ ಅದೇ ಕಂಪನಿ ಹೊರತಂದ 88ನೆಯ ಮಾದರಿಯಲ್ಲಂತೂ ಲಿವರನ್ನೆಳೆದರೆ ತಿರುಗುವುದು ತುದಿಯಲ್ಲಿ ಕಿವಿಗಳಿರುವ ಬೋಲ್ಟೇ. ಮರವೂ ಒಂದೇ ತುಂಡು. ಅತ್ತ ಬ್ರಿಟಿಷ್ ಸೇನೆಯ ಲೀ-ಎನ್‌ಫೀಲ್ಡ್ ಬೋಲ್ಟ್ ಕೋವಿಯಾದರೂ ಅದರ ಬೀಗ ಬೀಳುವುದು ಹಿಂದುಗಡೆಯೇ. ಅಂದಮೇಲೆ ದೋಷವನ್ನೆಲ್ಲ ಬಡಪಾಯಿ ಸನ್ನೆಕೋಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಸೇನೆಗಳು ಬೋಲ್ಟನ್ನು ಆರಿಸಿಕೊಂಡದ್ದಕ್ಕೆ ಗುರಿಯೊಂದೇ ಕಾರಣವೂ ಅಲ್ಲ. ನೆಲಕ್ಕೆ ಕವುಚಿ ಮಲಗಿದ ಸಿಪಾಯಿ ಸನ್ನೆಕೋಲನ್ನು ಕೆಳಕ್ಕೆ ತಳ್ಳಿದರೆ ಅದು ಮಣ್ಣಿಗೆ ತಾಗುತ್ತದೆ. ಆದರೂ ಮೊದಲನೆಯ ಮಹಾಯುದ್ಧದಲ್ಲಿ ಕೋವಿ ಸಾಲದೆ ಹೋದ ರಷ್ಯ ಸುಮಾರು 3 ಲಕ್ಷ 1895ರ ವಿಂಚೆಸ್ಟರುಗಳನ್ನು ಕೊಂಡಿತು. ದೂರದ ಗುರಿಯ ಮಹಿಮೆಯನ್ನು ಬ್ರಿಟಿಷರಿಗೆ ಕಲಿಸಿದವರು 1899-1902ರ ಯುದ್ಧದಲ್ಲಿ ದಕ್ಷಿಣ ಆಫ್ರಿಕದ ಬೋಯರ್ ರೈತರು. ಅವರ ಕೈಯಲ್ಲಿದ್ದುದು 7 ಮಿಲಿಮೀಟರಿನ ಮೌಸರ್. ಅದೇ ತೋಟೆಗೆ ಲಂಡನ್ನಿನ ರಿಗ್ಬಿ ಕಂಪನಿ .275 ಎಂದು ಇಂಗ್ಲಿಷ್ ಅಂಗುಲದ ಹೆಸರಿಟ್ಟಿತು. ಕಾರ್ಬೆಟ್ಟರ ಪ್ರಸಿದ್ಧ ಕೋವಿ ಅದೇ.

ಆ ಕೋವಿ ಅವರ ಕೈ ಸೇರಿದ ಬಗೆಯನ್ನು ಹೇಳಲೇಬೇಕು. 1907ರಲ್ಲಿ ಕುಮಾವೂನಿನ ಚಂಪಾವತದಲ್ಲಿ ಅವರು ಒಂದು ಹೆಣ್ಣುಹುಲಿಯನ್ನು ಬೆನ್ನಟ್ಟಿದರು. ನೇಪಾಳದಲ್ಲೂ ಕುಮಾವೂನಿನಲ್ಲೂ ಸೇರಿ ಅದು 436 ಜನರನ್ನು ಕೊಂದಿತ್ತೆಂದು ಲೆಕ್ಕ. ಗಾಯಗೊಂಡ ಹುಲಿ ಎದುರು ನಿಂತಾಗ ಕಾರ್ಬೆಟ್ಟರ ತೋಟೆಗಳು ಮುಗಿದಿದ್ದವು. ಓಡಿ ಹೋಗಿ ತಹಶೀಲ್ದಾರರ ಕೋವಿಯನ್ನು ಇಸಕೊಂಡು ಬಂದು, ಇಪ್ಪತ್ತು ಅಡಿಯೊಳಗಿನಿಂದ, ತೆರೆದ ಬಾಯಿಗೆ ಗುರಿಯಿಟ್ಟು ಹೊಡೆದರು. ಗುಂಡು ಬಾಯಿಯನ್ನು ಬಿಟ್ಟು ಪಾದಕ್ಕೆ ತಗಲಿತು! ಹುಲಿ ಸತ್ತದ್ದು ಮೊದಲಿನ ಗಾಯಗಳಿಂದ. ಇದಾದ ಮೇಲೆ ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಸರ್ ಜಾನ್ ಹ್ಯೂವೆಟ್ಟರು ರಿಗ್ಬಿ ಕೋವಿಯನ್ನು ಬಹುಮಾನವಾಗಿ ಕೊಟ್ಟರು. ಬಹುಮಾನವನ್ನು ಇಷ್ಟು ಯೋಗ್ಯವಾಗಿ ಆರಿಸಿದ್ದು ಅಧಿಕಾರಿಗಳಲ್ಲಿ ಅಪರೂಪವೇ ಸರಿ.

ಸತ್ತ ಹುಲಿಯ ಬಾಯಿಯನ್ನು ತೆರೆದು ನೋಡಿದಾಗ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು: ಒಂದು ಅರ್ಧಕ್ಕೆ, ಇನ್ನೊಂದು ದವಡೆಯ ಎಲುಬಿನವರೆಗೆ. ಯಾರದೋ ಹಳೆಯ ಗುಂಡೇಟಿನ ಫಲ ಅದು. ತನ್ನ ಸಹಜ ಆಹಾರವನ್ನು ಹಿಡಿಯಲಾರದೆ ಆ ಹುಲಿ ಮನುಷ್ಯರ ಮೇಲೆ ಬಿದ್ದಿತೆಂದು ಕಾರ್ಬೆಟ್ಟರು ತಿಳಿದರು. ಎಲ್ಲೋ ಒಬ್ಬ ಅನಾಮಧೇಯನ ಗುಂಡು ನಾಲ್ಕಾರು ಅಂಗುಲ ಆಚೀಚೆಯಾಯಿತು. ಹುಲ್ಲು ಕೊಯ್ಯಲು, ಸೌದೆ ತರಲು ಹೋದ ಹೆಣ್ಣುಮಕ್ಕಳು ಎಷ್ಟೋ ಮನೆಗಳಿಗೆ ಹಿಂತಿರುಗಲಿಲ್ಲ. ಕಾಗದದ ಮೇಲೆ ಅಂಗುಲವನ್ನೆಣಿಸುವುದು ಹುಚ್ಚಾಟವೆನ್ನುವವರು ಇದನ್ನು ಗಮನಿಸಬೇಕು.

ಆದರೆ ಆ ಅನಾಮಧೇಯನ ತಪ್ಪು ಕೋವಿಯದೋ ಕೈಯದೋ? ನಮ್ಮ ಕಾಡುಗಳಲ್ಲಿ ಹುಲಿ ಕಾಣಿಸಿಕೊಳ್ಳುತ್ತಿದ್ದುದು ಮೂವತ್ತು ನಲವತ್ತು ಗಜದಲ್ಲಿ. ನೂರು ಗಜಕ್ಕೆ ಮೂರಂಗುಲ ಚದರುವ ಕೋವಿ ಅಲ್ಲಿ ಒಂದಂಗುಲ ಚದರೀತು. ಹುಲಿಯ ಮರ್ಮಸ್ಥಾನ ಊಟದ ತಟ್ಟೆಯಷ್ಟಗಲ. ಎದೆ ಹೊಡೆದುಕೊಳ್ಳುತ್ತಿರುವ ಮನುಷ್ಯನ ಕೈ ತಾನೇ ಇದಕ್ಕಿಂತ ಹೆಚ್ಚು ನಡುಗುತ್ತದೆ. ಆ ಅಂತರದಲ್ಲಿ ಆಂಡರ್ಸನ್ನರಿಗೆ ಬೋಲ್ಟಿನ ಸೂಕ್ಷ್ಮತೆಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಅವರ .405 ಕೋವಿಯ ಗುಂಡು 300 ಗ್ರೇನ್, ಎಂದರೆ 19 ಗ್ರಾಮಿಗೂ ಮೇಲೆ. ಕಾರ್ಬೆಟ್ಟರ 140 ಗ್ರೇನಿನ ಗುಂಡಿಗೆ ಎರಡರಷ್ಟು. ಮೊದಲ ಗುಂಡಿಗೆ ಬೀಳದ ಪ್ರಾಣಿ ಮೇಲೇರಿ ಬಂದರೆ ಕಣ್ಣು ಕದಲಿಸದೆ ಎರಡನೆಯದನ್ನು ಹಾರಿಸುವ ಸೌಕರ್ಯವೂ ಸನ್ನೆಕೋಲಿನದು. ಕಣಿವೆಯಾಚೆಯ ಗುಡ್ಡದ ಮೇಲೆ ನಿಂತ ಪ್ರಾಣಿಯಾದರೆ ಮಾತು ಬೇರೆ. ಅಲ್ಲಿ ನಾನು ಕಣ್ಣುಮುಚ್ಚಿ ರಿಗ್ಬಿಯ ಪಕ್ಷ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟರು 1909ರಲ್ಲಿ ಆಫ್ರಿಕಕ್ಕೆ ಬೇಟೆಗೆ ಹೊರಟಾಗ ಈ ಚರ್ಚೆಯ ಗೋಜಿಗೇ ಹೋಗದೆ .405 ವಿಂಚೆಸ್ಟರನ್ನೂ ಬೋಲ್ಟಿನ ಸ್ಪ್ರಿಂಗ್‌ಫೀಲ್ಡನ್ನೂ ಜೊತೆಯಲ್ಲೇ ಒಯ್ದರು. ಹಣವಂತರ ಜಾಣತನ!

ಅತ್ಯಂತ ಕರಾರುವಾಕ್ಕಾದ ಕೋವಿಗೂ ಕತ್ತಲೆಯಲ್ಲಿ ಕಣ್ಣಿಲ್ಲ. 125 ಜನರನ್ನು ತಿಂದ ರುದ್ರಪ್ರಯಾಗದ ಚಿರತೆಗಾಗಿ 1926ರಲ್ಲಿ ಕಾರ್ಬೆಟ್ಟರು ಮಾವಿನ ಮರದ ಮೇಲೆ ರಾತ್ರಿಯ ಮೇಲೆ ರಾತ್ರಿ ಕಾದರು. ಕೆಳಗೆ ಕಟ್ಟಿದ್ದ ಆಡಿನ ಕೊರಳ ಗಂಟೆ ಕೊನೆಗೊಮ್ಮೆ ಸದ್ದಾಯಿತು. ಟಾರ್ಚಿನ ಗುಂಡಿಯನ್ನೊತ್ತಿದರು, ಚಿರತೆಯ ಭುಜ ಕಂಡಿತು, ಹೊಡೆದರು. ಅಷ್ಟರಲ್ಲಿ ಟಾರ್ಚು ಆರಿಹೋಯಿತು. ಗುಂಡು ಎಲ್ಲಿ ತಗಲಿತೆಂಬುದನ್ನು ತಿಳಿಯಲು ಅವರು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಾಗುವುದನ್ನೇ ಕಾಯಬೇಕಾಯಿತು.